ಒಂದು ಬಾಟ್ಲಿ ಗ್ರೂನರ್, ಒಂದಿಷ್ಟು ಬಿಳಿ ಮೆಣಸು

2009ನೇ ಇಸವಿ ಜೂನ್ 13, ಶನಿವಾರ, ಸಂಜೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಇಂದ್ರೇಶ ಒಂದು ಅಪರಾಧ ಮಾಡುವುದೆಂದು ತೀರ್ಮಾನಿಸಿದ. ಸಮಯ ಅಷ್ಟು ಖಚಿತವಾಗಿ ನೆನಪಿರಲು ಕಾರಣವಿತ್ತು. ಮೇಜಿನ ಸುತ್ತ ಇದ್ದವರೆಲ್ಲ ನಗುತ್ತಿದ್ದಾಗ ಅವನು ಯಾರ ಮುಖವನ್ನೂ ನೋಡಲಾರದೆ ಗೋಡೆ ಗಡಿಯಾರವನ್ನು ನೋಡುತ್ತ ಕೂತಿದ್ದ.

ಅದು ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ, ಗುರುಬಸವನ ಮೂರನೇ ಮಹಡಿಯ ಫ್ಲಾಟು. ಹುಬ್ಬಳ್ಳಿಯ ಗುರುಬಸವ ಅಲ್ಲೇ ನಡೆದು ಹೋಗುವಷ್ಟು ದೂರದ ಐಟಿ ಕಂಪನಿಯಲ್ಲಿ ಮ್ಯಾನೇಜರ್. ಐದು ವರ್ಷದ ಹಿಂದೆ ಅವನಿಗೆ ವೈನಿನ ಹುಚ್ಚು ಹಿಡಿದಿತ್ತು. ಈಗ ಸಿಡ್ನಿಯ ಕನ್ನಡದವರಲ್ಲಿ ಯಾರ ಮನೆಯಲ್ಲಿ ಬಾಟ್ಲಿ ತೆಗೆದರೂ ಮೊದಲ ಗ್ಲಾಸು ಗುರುಬಸವನ ಮೂಗಿನ ಕೆಳಗೆ ಹೋಗಿ ಬರಬೇಕು. ಅವನು ಕಣ್ಣು ಮುಚ್ಚಿ, ಗ್ಲಾಸನ್ನು ಮೂರು ಸಲ ತಿರುಗಿಸಿ, "ಹ್ಞೂಂ" ಅಂದ ಮೇಲೆಯೇ ಉಳಿದವರು ಕುಡಿಯುವುದು.

ಆ ದಿನ ಅವನು ತೆಗೆದದ್ದು ಆಸ್ಟ್ರಿಯಾ ದೇಶದ ಬಿಳಿ ವೈನು. ದ್ರಾಕ್ಷಿಯ ಹೆಸರು ಗ್ರೂನರ್ ವೆಲ್ಟ್‌ಲೀನರ್. ಡಾನ್ಯೂಬ್ ನದಿಯ ದಂಡೆಯ ಮೆಟ್ಟಿಲು ತೋಟಗಳಲ್ಲಿ, ಹಗಲು ಬಿಸಿಲು ರಾತ್ರಿ ಕೊರೆಯುವ ಚಳಿ ಇರುವಲ್ಲಿ ಬೆಳೆಯುವ ತಳಿ. ಆಸ್ಟ್ರೇಲಿಯಾದಲ್ಲಿ ಆಗ ಅದರ ಹೆಸರು ಕೇಳಿದವರೇ ಕಡಿಮೆ. ಕ್ಯಾನ್‌ಬೆರಾ ಕಡೆಯ ಎತ್ತರದಲ್ಲಿ ಯಾರೋ ನೆಟ್ಟಿದ್ದಾರೆ, ಮೊದಲ ಫಸಲು ಈ ವರ್ಷ ಬಂದಿದೆ ಎಂಬ ಸುದ್ದಿಯಷ್ಟೇ ಇತ್ತು.

"ಇದರಾಗ ಬಿಳಿ ಮೆಣಸಿನ ವಾಸನಿ ಇರ್ತೈತಿ," ಎಂದು ಗುರುಬಸವ ಸುರಿಯುವ ಮೊದಲೇ ಪಾಠ ಶುರು ಮಾಡಿದ್ದ. "ಹಸಿರು ಸೇಬು, ಲಿಂಬಿ, ಅವೆಲ್ಲಾ ಆಮೇಲೆ. ಗ್ಲಾಸ್ ಎತ್ತಿದ ಕೂಡಲೆ ಮೆಣಸು ಬಂದು ಬಡೀಬೇಕು. ಹೇಳ್ರಿ, ಬಂತಿಲ್ಲೋ?"

"ಬಂತ್ರೀ," ಅಂದಳು ಊಟಕ್ಕೆ ಬಂದಿದ್ದ ರೆಸ್ಟೋರೆಂಟ್ ಒಡತಿ ಸಂಧ್ಯಾರಾಣಿ. ಗೌರಕ್ಕ, ಅಂದರೆ ಗುರುಬಸವನ ಹೆಂಡತಿ, ಕುಡಿಯುವವಳಲ್ಲ. ಬರೀ ಮೂಸಿ, "ಹೌದ್ ನೋಡ್ರಿ, ಬಂತು" ಅಂದಳು. ಇಂದ್ರೇಶನ ಹೆಂಡತಿ ತೇಜಸ್ವಿನಿ ವರ್ಷಕ್ಕೆ ಎರಡು ಚಮಚ ವೈನು ಕುಡಿದರೆ ಹೆಚ್ಚು. ಅವಳೂ "ನಂಗೂ ಬಂತು" ಅಂದಳು.

ಇಂದ್ರೇಶ ಮೂಸಿದ. ಸೇಬು ಬಂತು. ಲಿಂಬೆ ಬಂತು. ಒದ್ದೆ ಕಲ್ಲಿನ ಹಾಗೆ ಏನೋ ಬಂತು. ಮೆಣಸು ಬರಲಿಲ್ಲ. ಮತ್ತೊಮ್ಮೆ ಮೂಸಿದ.

"ನನಗೇನೂ ಮೆಣಸು ಸಿಗ್ತಾ ಇಲ್ಲ ಅಣ್ಣ," ಅಂದ.

ಗುರುಬಸವ ಅವನ ಬೆನ್ನು ತಟ್ಟಿದ. "ಒಂಬತ್ತು ವರ್ಷ ಟೊಮೆಟೊ ಸಾಸ್ ನೋಡಿ ನೋಡಿ ನಿನ್ನ ಮೂಗು ಆ ಡಬ್ಬಿಯೊಳಗ ಬಿದ್ದೈತಿ ತಮ್ಮಾ. ಲ್ಯಾಬಿಗೆ ಹೋಗಿ ಹುಡುಕ್ಕೋ."

ಆ ನಗು ಹುಟ್ಟಿದ್ದು ಆಗ. ಅದರಲ್ಲಿ ಸಂಧ್ಯಾರಾಣಿಯ ನಗು ಎಲ್ಲರದಕ್ಕಿಂತ ಉದ್ದವಾಗಿತ್ತು. ಇಂದ್ರೇಶನಿಗೆ ಚುಚ್ಚಿದ್ದು ಅದೇ.

ಯಾಕೆಂದರೆ ಅವನು ಮೆಲ್ಬರ್ನಿನಿಂದ ವಿಮಾನ ಹತ್ತಿ ಬಂದದ್ದೇ ಅವಳಿಗಾಗಿ. ಬೆಳಗಾವಿಯ ಸಂಧ್ಯಾರಾಣಿ ಸಿಡ್ನಿಯಲ್ಲಿ ರೊಟ್ಟಿ ಊಟದ ರೆಸ್ಟೋರೆಂಟ್ ಇಟ್ಟು ಹೆಸರು ಮಾಡಿದವಳು. ಎಣ್ಣೆಗಾಯಿ, ಝುಣಕದ ಪಕ್ಕದಲ್ಲಿ ವೈನು ಇಡುವ ಧೈರ್ಯ ಅವಳಿಗಿತ್ತು. ಈಗ ಮೆಲ್ಬರ್ನಿನಲ್ಲಿ ಎರಡನೆಯದು ತೆರೆಯಲಿದ್ದಳು. ಅಲ್ಲಿ ವೈನು ಆರಿಸಿ, ಊಟಕ್ಕೆ ಹೊಂದಿಸಿ, ಬಂದವರಿಗೆ ತಿಳಿಸಿ ಹೇಳುವ ಒಬ್ಬರು ಬೇಕಾಗಿದ್ದರು. ತುಮಕೂರಿನ ಇಂದ್ರೇಶ ಕೆಮಿಸ್ಟ್ರಿ ಎಂಎಸ್ಸಿ ಓದಿ, ಮೆಲ್ಬರ್ನಿನ ಒಂದು ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಸಾಸ್ ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸೆಂಟಿಮೀಟರ್ ಹರಿಯುತ್ತದೆ ಎಂದು ಅಳೆಯುವ ಕೆಲಸ ಮಾಡುತ್ತಿದ್ದ. ಅದಕ್ಕೆಂದೇ ಇರುವ ಇಳಿಜಾರಿನ ತಗಡಿನ ತೊಟ್ಟಿ, ಅದರ ಮೇಲೆ ಅಳತೆಯ ಗೆರೆಗಳು. ಒಂಬತ್ತು ವರ್ಷ, ದಿನಕ್ಕೆ ನಲವತ್ತು ಸಲ. ಎರಡು ವರ್ಷದಿಂದ ಸಂಜೆಯ ಕ್ಲಾಸಿಗೆ ಹೋಗಿ ವೈನಿನ ಸರ್ಟಿಫಿಕೇಟ್ ಕೂಡ ಪಡೆದಿದ್ದ. ಈ ಕೆಲಸ ಸಿಗದಿದ್ದರೆ ಇನ್ನು ಹದಿನೆಂಟು ವರ್ಷ, ರಿಟೈರ್ ಆಗುವ ತನಕ, ಅದೇ ತೊಟ್ಟಿ.

ಗುರುಬಸವನಿಗೆ ಕೆಲಸದ ಅಗತ್ಯವೇ ಇರಲಿಲ್ಲ. ಆದರೂ ಅವನು ಕೇಳಿದ್ದ. "ತಿಂಗಳಿಗೆ ಎರಡು ವೀಕೆಂಡ್ ಹಾರಿ ಬರ್ತೀನಿ ಸಂಧ್ಯಾ, ನಿಮಗೇನೂ ಚಿಂತಿ ಬ್ಯಾಡ."

"ಅಕ್ಟೋಬರ್ ಮೂರಕ್ಕ, ದಸರಾ ಮುಗಿದ ಮ್ಯಾಲೆ ಮತ್ತ ಇಲ್ಲೇ ಕೂಡೋಣು," ಎಂದು ಸಂಧ್ಯಾರಾಣಿ ಹೊರಡುವಾಗ ಇಬ್ಬರಿಗೂ ಹೇಳಿದಳು. "ಅವತ್ತು ಡಿಸೈಡ್ ಮಾಡ್ತೀನಿ. ನನಗ ಪುಸ್ತಕದ ಮಾತು ಬ್ಯಾಡ್ರಿ. ಮೂಗು ಬೇಕು."

ಮೆಲ್ಬರ್ನಿಗೆ ಮರಳುವ ವಿಮಾನದಲ್ಲಿ ಇಂದ್ರೇಶ ವಿಜ್ಞಾನಿಯ ತಾಳ್ಮೆಯಿಂದ ಯೋಚಿಸಿದ. ಆ ಗ್ಲಾಸಿನಲ್ಲಿ ಮೆಣಸು ಇರಲಿಲ್ಲ. ಇದು ಅವನು ಎರಡು ಸಲ ಪರೀಕ್ಷಿಸಿ ಕಂಡ ಸತ್ಯ. ಅವನ ಮೂಗು ಸಾಮಾನ್ಯದ್ದಲ್ಲ. ಕ್ಲಾಸಿನಲ್ಲಿ ಬಿರಡೆ ಕೆಟ್ಟ ವೈನನ್ನು ಎಲ್ಲರಿಗಿಂತ ಮೊದಲು ಗುರುತಿಸಿದವನು ಅವನೇ. ಟೀಚರ್ ಚಪ್ಪಾಳೆ ತಟ್ಟಿಸಿದ್ದರು. ಹಾಗಾದರೆ ಉಳಿದ ನಾಲ್ವರಿಗೆ ಮೆಣಸು ಬಂದದ್ದು ಎಲ್ಲಿಂದ? ಗುರುಬಸವನ ಬಾಯಿಂದ. ಸುರಿಯುವ ಮೊದಲೇ ಅವನು ಹೇಳಿಬಿಟ್ಟಿದ್ದ. ಮೊದಲೇ ಹೇಳಿದ್ದು ಆಮೇಲೆ ಮೂಗಿಗೆ ಬರುತ್ತದೆ ಎನ್ನುವುದಕ್ಕೆ ಎಷ್ಟೋ ಪ್ರಯೋಗಗಳಿವೆ. ಗೌರಕ್ಕ ಗಂಡನ ಮಾತಿಗೆ ಹೂಂಗುಟ್ಟಿದಳು, ಸಂಧ್ಯಾರಾಣಿ ಮರ್ಯಾದೆಗೆ ಹೂಂಗುಟ್ಟಿದಳು. ತೇಜಸ್ವಿನಿ ಕೂಡ ಹೂಂಗುಟ್ಟಿದ್ದು ಅವನಿಗೆ ಬೇಸರ ತಂದಿತ್ತು. ಆದರೆ ಅವಳು ಕಾಮರ್ಸ್ ಓದಿದವಳು, ಕ್ಷಮಿಸಬಹುದು.

ಆದ್ದರಿಂದ ಗುರುಬಸವನ ಮೂಗು ಒಂದು ವದಂತಿ. ಅವನು ಲೇಬಲ್ ಓದಿ ಪುಸ್ತಕದ ಸಾಲು ಹೇಳುವವನು. ಲೇಬಲ್ ಸರಿಯಿದ್ದು ಒಳಗೆ ಬೇರೆ ಏನಿದ್ದರೂ ಅವನು ಅದೇ ಸಾಲು ಹೇಳುತ್ತಾನೆ. ಇದನ್ನು ಸಂಧ್ಯಾರಾಣಿಯ ಎದುರು ತೋರಿಸಿಕೊಡಬೇಕು. ಅಷ್ಟೇ.

ಅವಕಾಶ ಅವನ ಮನೆ ಬಾಗಿಲಿಗೇ ಬಂತು. ಆಗಸ್ಟ್ ಕೊನೆಯಲ್ಲಿ ಗುರುಬಸವ ಫೋನ್ ಮಾಡಿದ. ಮೆಲ್ಬರ್ನಿನ ಒಂದು ಹರಾಜಿನಲ್ಲಿ ಅವನು 1999ರ ಗ್ರೂನರ್ ಬಾಟ್ಲಿ ಒಂದನ್ನು ಹಿಡಿದಿದ್ದ. ಹತ್ತು ವರ್ಷ ಹಳೆಯದು, ಆಸ್ಟ್ರೇಲಿಯಾದಲ್ಲಿ ಮತ್ತೊಂದು ಇದೆಯೋ ಇಲ್ಲವೋ.

"ಇಂದ್ರೇಶಾ, ನೀ ಹೋಗಿ ಅದನ್ನ ತಂದು ತಂಪಿನ್ಯಾಗ ಇಟಗೋ. ಅಕ್ಟೋಬರ್ ಮೂರಕ್ಕ ಬರೂವಾಗ ತಗೊಂಡ್ ಬಾ. ಹುಷಾರ್ ಮತ್ತ, ಕೂಸಿನ್ಹಂಗ ಹಿಡ್ಕೊಂಡ್ ಬಾ."

"ಆಯ್ತು ಅಣ್ಣ. ನನ್ನ ಜವಾಬ್ದಾರಿ," ಅಂದ ಇಂದ್ರೇಶ. ಆ ಎರಡನೇ ಮಾತು ಹೇಳುವಾಗ ಅವನಿಗೆ ಸ್ವಲ್ಪವೂ ಅಳುಕಾಗಲಿಲ್ಲ.

ಬಾಟ್ಲಿ ಮೆಲ್ಬರ್ನಿನ ಹೊರವಲಯದ ಪಾಯಿಂಟ್ ಕುಕ್‌ನ ಅವನ ಮನೆಯ ಗ್ಯಾರೇಜಿಗೆ ಬಂತು. ಒಂದು ವಾರ ಅವನು ಅದನ್ನು ಮುಟ್ಟಲಿಲ್ಲ, ಬರೀ ಓದಿದ. ನೀಲಿ ನೋಟ್‌ಬುಕ್ಕೊಂದರಲ್ಲಿ ಯೋಜನೆಯನ್ನು ಹಂತ ಹಂತವಾಗಿ ಬರೆದ.

ಒಳಗಿನ ವೈನನ್ನು ತೆಗೆದು ಬೇರೆ ವೈನು ತುಂಬಬೇಕು, ಬಿರಡೆ ಕದಲಬಾರದು. ಇದು ಅವನಿಗೆ ಕಷ್ಟವಾಗಿ ಕಾಣಲಿಲ್ಲ. ಬಿರಡೆಯ ಮೇಲಿನ ತಗಡಿನ ಟೋಪಿಯ ನೆತ್ತಿಯಲ್ಲಿ ಗಾಳಿಯಾಡಲು ತಯಾರಕರೇ ಬಿಟ್ಟ ಎರಡು ಪುಟ್ಟ ತೂತುಗಳಿರುತ್ತವೆ. ಒಂದರಲ್ಲಿ ಉದ್ದದ ಸೂಜಿ, ಇನ್ನೊಂದರಲ್ಲಿ ಗ್ಯಾಸಿನ ಸೂಜಿ. ಅರ್ಧ ಕುಡಿದ ವೈನು ಕೆಡದಂತೆ ಊದುವ ಗ್ಯಾಸಿನ ಡಬ್ಬಿ ಯಾವ ವೈನ್ ಅಂಗಡಿಯಲ್ಲೂ ಸಿಗುತ್ತದೆ. ಬಾಟ್ಲಿಯನ್ನು ತಲೆಕೆಳಗೆ ಮಾಡಿ, ಅರವತ್ತು ಮಿಲಿಲೀಟರಿನ ಸಿರಿಂಜಿನಿಂದ ಹದಿಮೂರು ಸಲ ಎಳೆದರೆ ಕೆಲಸ ಮುಗಿಯಿತು. ತುಂಬುವುದೂ ಅದೇ ದಾರಿಯಲ್ಲಿ. ಬಿರಡೆ ತೇವವಿದ್ದರೆ ಸೂಜಿ ತೆಗೆದ ಮೇಲೆ ತಾನೇ ಮುಚ್ಚಿಕೊಳ್ಳುತ್ತದೆ.

ತುಂಬುವ ವೈನು ಯಾವುದು? ಇಲ್ಲಿ ಅವನು ನಿಜವಾಗಿಯೂ ಸಂತೋಷಪಟ್ಟ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನ ಓದು ಸಾಸ್ ಬಿಟ್ಟು ಬೇರೆಯದಕ್ಕೆ ಉಪಯೋಗಕ್ಕೆ ಬಂದಿತ್ತು. ಸಿಡ್ನಿಯ ಉತ್ತರಕ್ಕಿರುವ ಹಂಟರ್ ಕಣಿವೆಯ ಹಳೆಯ ಸೆಮಿಯಾನ್ ಎಂಬ ಬಿಳಿ ವೈನಿನಲ್ಲಿ ವಯಸ್ಸಿನ ಜೇನು ಬಣ್ಣ, ಜೇನು ವಾಸನೆ ಇರುತ್ತದೆ. ಅದು ಆರು ಪಾಲು. ಹೊಸ ರೀಸ್ಲಿಂಗ್ ನಾಲ್ಕು ಪಾಲು, ಹುಳಿಗೆ ಮತ್ತು ಲಿಂಬೆಗೆ. ಎರಡು ಚಿಟಿಕೆ ಟಾರ್ಟಾರಿಕ್ ಆಮ್ಲ. ಪಿಎಚ್ 3.2ಕ್ಕೆ ನಿಂತಿತು, ಪುಸ್ತಕದಲ್ಲಿ ಇದ್ದ ಹಾಗೇ.

ಉಳಿದದ್ದು ಮೆಣಸು. ಗುರುಬಸವ ಲೇಬಲ್ ನೋಡಿಯೇ ಹೊಗಳುತ್ತಾನೆ ಎಂಬುದು ಖಚಿತವಿದ್ದರೂ, ಇಂದ್ರೇಶ ಅರೆಬರೆ ಕೆಲಸ ಮಾಡುವವನಲ್ಲ. ಹಿಂದಿನ ವರ್ಷ ಆಸ್ಟ್ರೇಲಿಯಾದ ವಿಜ್ಞಾನಿಗಳು ಶಿರಾಜ್ ಎಂಬ ಕೆಂಪು ವೈನಿನ ಮೆಣಸಿನ ವಾಸನೆ ಯಾವ ಅಣುವಿನದು ಎಂದು ಕಂಡುಹಿಡಿದಿದ್ದರು. ರೋಟಂಡೋನ್ ಎಂದು ಅದರ ಹೆಸರು. ಅಡುಗೆ ಮನೆಯ ಮೆಣಸಿನ ಕಾಳಿನಲ್ಲಿ ಇರುವುದೂ ಅದೇ ಅಣು. ಆ ಪ್ರಬಂಧದ ಪ್ರತಿಯೊಂದು ಇಂದ್ರೇಶನ ಫೈಲಿನಲ್ಲಿತ್ತು. ಅಣುವಿನ ರಚನೆ, ಬೇರ್ಪಡಿಸಿದ ವಿಧಾನ, ಎಲ್ಲದರ ಕೆಳಗೆ ಕೆಂಪು ಗೆರೆ ಎಳೆದಿದ್ದ. ಕೊನೆಗೆ ಜನರನ್ನು ಕೂರಿಸಿ ಮೂಸಿಸಿದ ವಿಚಾರ ಬರುವ ಪುಟವನ್ನು ಓದಿರಲಿಲ್ಲ. ಅದು ಅವನ ದೃಷ್ಟಿಯಲ್ಲಿ ಕೆಮಿಸ್ಟ್ರಿ ಅಲ್ಲ. ಶಿರಾಜ್‌ನಲ್ಲಿ ಇದ್ದದ್ದು ಗ್ರೂನರ್‌ನಲ್ಲೂ ಇರಬೇಕು ಎಂದು ಊಹಿಸಿ, ಬಿಳಿ ಮೆಣಸು ತರಲು ಹೊರಟ.

ಮೊದಲು ತಂದ ಪೊಟ್ಟಣ ಕೊಟ್ಟಿಗೆಯ ವಾಸನೆ ಹೊಡೆಯುತ್ತಿತ್ತು. ಎಸೆದ. ಎರಡನೆಯದರಲ್ಲಿ ಆ ದೋಷವಿರಲಿಲ್ಲ. ತನ್ನ ಮೂಗಿನ ಬಗ್ಗೆ ಅವನಿಗೆ ಮತ್ತೊಮ್ಮೆ ಹೆಮ್ಮೆಯಾಯಿತು.

ಸೆಪ್ಟೆಂಬರಿನ ಎರಡನೇ ವಾರ, ತೇಜಸ್ವಿನಿ ಆಫೀಸಿಗೆ ಹೋಗಿದ್ದ ಒಂದು ಬೆಳಗ್ಗೆ, ಅವನು ಹದಿಮೂರು ಸಲ ಸಿರಿಂಜು ಎಳೆದ. ಅಸಲಿ ವೈನನ್ನು ತೊಳೆದ ಜ್ಯೂಸ್ ಬಾಟ್ಲಿಗೆ ಸುರಿದು ಫ್ರಿಜ್ಜಿನ ಹಿಂಬದಿಯಲ್ಲಿ ಇಟ್ಟ. ಮೊದಲು ಒಂದು ಗ್ಲಾಸು ರುಚಿ ನೋಡಿದ. ಜೇನು, ಒಣಗಿದ ಏಪ್ರಿಕಾಟು, ಹೊಗೆ. ಅದ್ಭುತ ವೈನು. ಆದರೆ ಮೆಣಸು? ಒಂದು ಚೂರೂ ಇಲ್ಲ. ಅಂದರೆ ತನ್ನ ನಕಲಿ ಬಾಟ್ಲಿ ಅಸಲಿಗಿಂತ ಹೆಚ್ಚು ಗ್ರೂನರ್ ಆಗಿರುತ್ತದೆ ಎಂದುಕೊಂಡು ಅವನು ಗ್ಯಾರೇಜಿನಲ್ಲಿ ಒಬ್ಬನೇ ನಕ್ಕ.

ಮೆಣಸನ್ನು ಪುಡಿ ಮಾಡಿದರೆ ವೈನು ಕದಡುತ್ತದೆ, ಖಾರವೂ ಅದಕ್ಕೆ ಇಳಿಯುತ್ತದೆ. ಆದ್ದರಿಂದ ಇಡೀ ಕಾಳನ್ನು ನೆನೆಹಾಕುವುದು. ಹತ್ತು ಕಾಳು ತೂಗಿದ, ಅರ್ಧ ಗ್ರಾಂ. ಗಾಜಿನ ಜಾಡಿಯಲ್ಲಿದ್ದ ವೈನಿಗೆ ಹಾಕಿ, ಒಂದು ಹಗಲು ಬಿಟ್ಟು ಮೂಸಿದ. ಏನೂ ಇಲ್ಲ. ಇನ್ನಷ್ಟು ಹಾಕಿದ. ಏನೂ ಇಲ್ಲ. ಮೆಣಸು ಮೊದಲು ಬಂದು ಬಡಿಯಬೇಕು, ಸೇಬು ಆಮೇಲೆ. ಪುಸ್ತಕಗಳೂ ಗುರುಬಸವನೂ ಒಪ್ಪುವ ಒಂದೇ ಮಾತು ಅದು. ಇಲ್ಲಿ ಸೇಬೇ ಮೊದಲು ಬರುತ್ತಿತ್ತು. ತಣ್ಣಗಿನ ವೈನಿನಲ್ಲಿ ಅಣು ನಿಧಾನವಾಗಿ ಇಳಿಯುತ್ತದೆ ಎಂದು ಕಾರಣ ಬರೆದುಕೊಂಡು, ಮತ್ತೆ ತೂಗಿ ಹಾಕಿದ.

ಎರಡನೇ ದಿನದ ಸಂಜೆ ತೇಜಸ್ವಿನಿ ಗ್ಯಾರೇಜಿನ ಬಾಗಿಲಲ್ಲಿ ನಿಂತಳು.

"ಏನ್ರೀ ಇದು, ಗ್ಯಾರೇಜೆಲ್ಲ ಸಾರಿನ ವಾಸನೆ?"

"ಮೆಣಸಿನ ಪೊಟ್ಟಣ ಹರಿದೋಯ್ತು. ಗುಡಿಸಿದೀನಿ."

"ಕಾರಿನ ಸೀಟಿಗೂ ಹತ್ತಿದೆ ನೋಡಿ. ಇವತ್ತು ಆಫೀಸಲ್ಲಿ ನನ್ನ ಪಕ್ಕದ ಲಿಂಡಾ, ನಿಮ್ಮ ಲಂಚ್ ಏನು ಅಂತ ಕೇಳಿದ್ಲು. ನಾನು ತಂದಿದ್ದು ಮೊಸರನ್ನ."

ಪೊಟ್ಟಣ ನಿಜವಾಗಿಯೂ ಹರಿದಿತ್ತು. ಆದ್ದರಿಂದ ಇಂದ್ರೇಶ ಆ ಮಾತಿನ ಬಗ್ಗೆ ಮತ್ತೆ ಯೋಚಿಸಲಿಲ್ಲ. ಹೆಂಡತಿ ಒಳಗೆ ಹೋದ ಮೇಲೆ ಜಾಡಿಯ ಮುಚ್ಚಳ ತೆಗೆದು ಇನ್ನೊಮ್ಮೆ ಮೂಸಿದ. ಸೇಬು.

ಅವನ ಲ್ಯಾಬಿನ ಗೋಡೆಯ ಮೇಲೆ ಒಂದು ನಿಯಮ ಅಂಟಿಸಿದೆ: ವಾಸನೆಯ ಪರೀಕ್ಷೆಯಲ್ಲಿ ಯಾವ ಸ್ಯಾಂಪಲ್ಲನ್ನೂ ಒಬ್ಬರ ಮೂಗಿನ ಮೇಲೆ ಪಾಸು ಮಾಡಬಾರದು, ಕನಿಷ್ಠ ಮೂವರು ಬೇಕು. ಅದನ್ನು ಟೈಪ್ ಮಾಡಿ ಲ್ಯಾಮಿನೇಟ್ ಮಾಡಿಸಿದವನು ಇಂದ್ರೇಶನೇ. ಜಾಡಿಯ ಎದುರು ಕೂತಾಗ ಅದು ನೆನಪಾಯಿತು. ಆದರೆ ಅಪರಾಧಕ್ಕೆ ಮೂವರ ಸಮಿತಿ ಕರೆಯಲಾಗುವುದಿಲ್ಲ. ಗುಟ್ಟಿನ ಕೆಲಸದಲ್ಲಿ ಒಂದು ಮೂಗು ಸಾಕು, ಅದು ಒಳ್ಳೆಯ ಮೂಗಾಗಿದ್ದರೆ.

ಮೂರನೇ ದಿನ ಕೊನೆಗೂ ನಾಲಿಗೆಯ ತುದಿಯಲ್ಲಿ ಒಂದು ಚುರುಕು ಕಾಣಿಸಿತು, ಮೂಗಿನ ಹಿಂದೆ ಎಲ್ಲೋ ಮರದ ಪುಡಿಯ ಹಾಗೆ ಒಂದು ಎಳೆ. ಇದೇ ಇರಬೇಕು. ಎಷ್ಟು ಸೂಕ್ಷ್ಮ, ಎಷ್ಟು ಸಂಯಮದ ವಾಸನೆ, ಎಂದು ಅವನಿಗೆ ಆ ದ್ರಾಕ್ಷಿಯ ಮೇಲೆ ಗೌರವವೇ ಬಂತು. ಒಟ್ಟು ಹಾಕಿದ ಮೆಣಸಿನ ತೂಕವನ್ನು ದಶಮಾಂಶದ ತನಕ ನೋಟ್‌ಬುಕ್ಕಿನಲ್ಲಿ ಬರೆದ, ವೈನು ಸೋಸಿದ, ತುಂಬಿದ. ಬಾಟ್ಲಿಯ ತೂಕ ಮೊದಲಿನದಕ್ಕೂ ಈಗಿನದಕ್ಕೂ ಒಂದು ಗ್ರಾಂ ಕೂಡ ಹೆಚ್ಚುಕಡಿಮೆ ಇರಲಿಲ್ಲ.

ಉಳಿದ ಹಂತಗಳು ನಾಟಕದವು. ಗುರುಬಸವ ಬಾಟ್ಲಿ ತೆಗೆಯುತ್ತಾನೆ. ಅವನು ಹೊಗಳುವುದು ತಡವಾದರೆ ಇಂದ್ರೇಶ ತಾನೇ ಮೊದಲು ಹೊಗಳಿ ದಾರಿ ತೋರಿಸುವುದು. ಗುರುಬಸವ ಆ ಮಾತಿಗೆ ತನ್ನದೂ ಹತ್ತು ಮಾತು ಸೇರಿಸುವುದು. ಆಮೇಲೆ ಇಂದ್ರೇಶ ಹುಬ್ಬು ಗಂಟಿಕ್ಕಿ, ತನಗೆ ಈಗ ಸಂದೇಹ ಬರುತ್ತಿದೆ, ಇದರಲ್ಲಿ ಹಂಟರ್ ಸೆಮಿಯಾನ್ ಇದೆ ಎಂದು ಹೇಳುವುದು. ಬ್ಯಾಗಿನಿಂದ ಅಂಗಡಿಯ ಅಸಲಿ ಗ್ರೂನರ್ ಬಾಟ್ಲಿಯೊಂದನ್ನು ತೆಗೆದು ಪಕ್ಕದಲ್ಲಿಟ್ಟು ಹೋಲಿಸುವುದು. ತಪ್ಪು ಯಾರದು? ಯೂರೋಪಿನಲ್ಲಿ ಎಲ್ಲೋ ಇರುವ, ಹಳೆಯ ಬಾಟ್ಲಿಗೆ ಹೊಸ ವೈನು ತುಂಬುವ, ಮುಖವಿಲ್ಲದ ಯಾವನೋ ಮೋಸಗಾರನದು. ಗುರುಬಸವನಿಗೆ ಅವಮಾನ, ಇಂದ್ರೇಶನಿಗೆ ಕೆಲಸ. ಯಾರೂ ಸಾಯುವುದಿಲ್ಲ. ಇಷ್ಟು ಚೊಕ್ಕವಾದ ಅಪರಾಧ ತನಗೆ ತಿಳಿದಂತೆ ಯಾರೂ ಮಾಡಿಲ್ಲ ಎಂದು ಅವನಿಗೆ ಅನ್ನಿಸಿತು. ಫ್ರಿಜ್ಜಿನಲ್ಲಿದ್ದ ಅಸಲಿ ವೈನನ್ನು ಆಪಲ್ ಜ್ಯೂಸ್ ಎಂದು ಹೇಳಿ ಮೂರು ಸಂಜೆ ಅವನೇ ಕುಡಿದು ಮುಗಿಸಿದ.

ಅಕ್ಟೋಬರ್ 3ರಂದು ಅವನು ಮತ್ತು ತೇಜಸ್ವಿನಿ ಮಧ್ಯಾಹ್ನದ ವಿಮಾನಕ್ಕೆ ಸಿಡ್ನಿಗೆ ಬಂದರು. ದೇಶದೊಳಗಿನ ವಿಮಾನದಲ್ಲಿ ದ್ರವಕ್ಕೆ ತಡೆಯಿಲ್ಲದ್ದರಿಂದ ಬಾಟ್ಲಿಯನ್ನು ಟವೆಲಿನಲ್ಲಿ ಸುತ್ತಿ, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಹೋಲಿಸಲೆಂದು ಕೊಂಡ ಅಂಗಡಿಯ ಗ್ರೂನರ್, ನೋಟ್‌ಬುಕ್ಕು ಮತ್ತು ಫೈಲು ಬ್ಯಾಗಿನಲ್ಲಿದ್ದವು. ಕೆಲಸ ಸಿಕ್ಕಿದರೆ ಸಂಧ್ಯಾರಾಣಿಯ ಎದುರು ರೋಟಂಡೋನ್ ಬಗ್ಗೆ ನಾಲ್ಕು ಮಾತು ಹೇಳುವ ಉದ್ದೇಶವಿತ್ತು.

ಚಾಟ್ಸ್‌ವುಡ್‌ನ ಮೇಜಿಗೆ ಅದೇ ಐದು ಜನ ಕೂತರು. ಗುರುಬಸವ ಬಾಟ್ಲಿಯನ್ನು ದೀಪಕ್ಕೆ ಹಿಡಿದು, ಲೇಬಲ್ ಮೇಲೆ ಬೆರಳಾಡಿಸಿ, ಹತ್ತು ವರ್ಷದ ಹಿಂದಿನ ಡಾನ್ಯೂಬ್ ಹವಾಮಾನದ ಬಗ್ಗೆ ಎಂಟು ನಿಮಿಷ ಮಾತಾಡಿದ. ಇಂದ್ರೇಶ ಪ್ರತಿ ವಾಕ್ಯಕ್ಕೂ ತಲೆಯಾಡಿಸಿದ. ಬಿರಡೆ ಸರಾಗವಾಗಿ ಬಂತು. ಸೂಜಿಯ ಗುರುತು ಇದ್ದದ್ದು ಇಂದ್ರೇಶನಿಗೂ ಕಾಣಲಿಲ್ಲ. ಐದು ಗ್ಲಾಸಿಗೆ ವೈನು ಬಿತ್ತು, ಹೊಂಬಣ್ಣದ್ದು, ತಿಳಿಯಾದದ್ದು.

ಗುರುಬಸವ ಗ್ಲಾಸನ್ನು ಒಂದು ಸಲ ತಿರುಗಿಸಿದ. ಮೂರು ಸಲ ತಿರುಗಿಸುವವನು ಒಂದಕ್ಕೇ ನಿಲ್ಲಿಸಿದ. ಕಣ್ಣು ಮುಚ್ಚಲಿಲ್ಲ. ಗ್ಲಾಸು ಕೆಳಗಿಟ್ಟ. ಸಂಧ್ಯಾರಾಣಿ ಒಂದು ಗುಟುಕು ತೆಗೆದುಕೊಂಡು, ನುಂಗಿ, ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಂಡಳು.

ಹೊಗಳಿಕೆ ತಡವಾಗಿತ್ತು. ಅದಕ್ಕೆ ಏನು ಮಾಡಬೇಕೆಂದು ನೋಟ್‌ಬುಕ್ಕಿನಲ್ಲಿ ಬರೆದಿತ್ತು. ಇಂದ್ರೇಶ ಗ್ಲಾಸು ಎತ್ತಿದ, ನಿಧಾನವಾಗಿ ಮೂಸಿದ, ತಲೆಯಾಡಿಸಿದ.

"ಎಂಥ ಸೂಕ್ಷ್ಮ ನೋಡಿ," ಅಂದ. "ಮೊದಲು ಜೇನು. ಆಮೇಲೆ ಸೇಬು. ಬಿಳಿ ಮೆಣಸು ಅಂತೂ ಬಂತೋ ಇಲ್ವೋ ಅನ್ನೋ ಹಾಗೆ ಬಂದು ಹೋಗುತ್ತೆ. ಇನ್ನೂ ಒಂಚೂರು ಇದ್ದಿದ್ರೆ ಚೆನ್ನಾಗಿರ್ತಿತ್ತು ಅನ್ನಿಸುತ್ತೆ. ಅಲ್ವಾ ಅಣ್ಣ?"

ನಾಲ್ಕು ಮುಖಗಳು ಅವನ ಕಡೆ ತಿರುಗಿದವು.

"ತಮ್ಮಾ," ಅಂದ ಗುರುಬಸವ, ಬಹಳ ಮೆತ್ತಗೆ. "ನಿನಗ ಇದು ಸೂಕ್ಷ್ಮ ಅನಸ್ತೈತೇನ?"

"ಸೂಕ್ಷ್ಮ ಏನ್ ಬಂತ್ರೀ," ಎಂದು ಗೌರಕ್ಕ ತನ್ನ ಗ್ಲಾಸನ್ನು ತೋಳುದ್ದ ದೂರಕ್ಕೆ ತಳ್ಳಿದಳು. "ಶೀತ ಆದವ್ರಿಗೆ ಕುಡಿಸೂ ಕಷಾಯ ಇದ್ದಂಗ ಐತಿ. ನಾ ಕುಡಿದೇ ಇಲ್ಲ, ನನ್ನ ಕಣ್ಣಾಗ ನೀರು ಬಂದಾವು. ನಾಕು ಮಂದಿಗೆ ಸಾರು ಮಾಡಿದ್ರ ನಾ ಹತ್ತು ಕಾಳು ಹಾಕ್ತೀನಿ. ಇದಕ್ಕ ಯಾರೋ ಚೀಲಾನ ಸುರವ್ಯಾರ."

ತೇಜಸ್ವಿನಿ ಇನ್ನೂ ಮೂಸುತ್ತಿದ್ದಳು, ಏನನ್ನೋ ನೆನಪು ಮಾಡಿಕೊಳ್ಳುವವಳ ಹಾಗೆ. ಆಮೇಲೆ ಅವಳ ಮುಖ ಅರಳಿತು.

"ಅಯ್ಯೋ, ಇದು ನಮ್ಮ ಗ್ಯಾರೇಜ್ ವಾಸನೆ ಕಣ್ರೀ. ಹೋದ ತಿಂಗಳು ಮೂರು ದಿನ ಇತ್ತಲ್ಲ, ಲಿಂಡಾ ಕೇಳಿದ್ಲಲ್ಲ, ಅದೇ."

ಅವಳ ಮಾತು ಮುಗಿದ ಮೇಲೆ ಅದರ ಅರ್ಥ ಅವಳಿಗೂ ಆಯಿತು. ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟಳು. ಗುರುಬಸವ ಬಾಟ್ಲಿಯನ್ನು ನೋಡಿದ, ಬಿರಡೆಯನ್ನು ಎತ್ತಿ ದೀಪಕ್ಕೆ ಹಿಡಿದ, ಆಮೇಲೆ ಇಂದ್ರೇಶನನ್ನು ನೋಡಿದ.

"ಬಾಟ್ಲಿ ಐದು ವಾರ ಯಾರ ಕಡೆ ಇತ್ರೀ?" ಎಂದು ಕೇಳಿದಳು ಸಂಧ್ಯಾರಾಣಿ.

"ಹರಾಜಿನಲ್ಲಿ ಎಷ್ಟೋ ಮೋಸ ನಡೆಯುತ್ತೆ," ಎಂದು ಇಂದ್ರೇಶ ಶುರು ಮಾಡಿದ. "ಯೂರೋಪಿನಲ್ಲಿ ಹಳೆ ಬಾಟ್ಲಿಗೆ..."

"ತಡಿ," ಅಂದಳು ಗೌರಕ್ಕ. ಒಳಗೆ ಹೋಗಿ ಕುಟ್ಟಾಣಿ ತಂದಳು. ರಾತ್ರಿಯ ಸಾರಿಗೆಂದು ಈಗಷ್ಟೇ ಕುಟ್ಟಿದ್ದು ಅದರಲ್ಲಿತ್ತು. ಅವಳು ಮೇಜಿನ ಪಕ್ಕ ಬಂದ ಕೂಡಲೇ ತೇಜಸ್ವಿನಿ ಸೀನಿದಳು, ಗುರುಬಸವ ಕುರ್ಚಿ ಹಿಂದಕ್ಕೆ ಎಳೆದ. "ಕಣ್ಣು ಮುಚ್ಚು. ಈಗ ಹೇಳು, ಏನ್ ವಾಸನಿ?"

ಇಂದ್ರೇಶ ಪ್ರಾಮಾಣಿಕವಾಗಿ ಮೂಸಿದ. ಪರೀಕ್ಷೆ ಎಂದರೆ ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಲಿಂಬೆ ಸಿಪ್ಪೆ," ಅಂದ. "ಸ್ವಲ್ಪ ಮರದ ಪುಡಿ. ಯಾಕೆ, ಏನದು?"

ಅವನು ಕಣ್ಣು ತೆಗೆದಾಗ ಯಾರೂ ನಗುತ್ತಿರಲಿಲ್ಲ. ಅದು ಜೂನಿನ ನಗುವಿಗಿಂತ ಕೆಟ್ಟದಾಗಿತ್ತು. ಸಂಧ್ಯಾರಾಣಿ ತನ್ನ ಎದುರಿದ್ದ ಹಾಳೆಯ ಎರಡು ಹೆಸರುಗಳಲ್ಲಿ ಒಂದರ ಮೇಲೆ, ಬೇಸರದಿಂದಲೇ, ಗೆರೆ ಎಳೆದಳು. "ಕೆಟ್ಟದ್ದು ಮಾಡಿದ್ರಿ ಅಂತ ಅಲ್ಲ ಇಂದ್ರೇಶ್, ಅದು ನಿಮ್ಮ ನಿಮ್ಮೊಳಗಿಂದು," ಅಂದಳು. "ನಮ್ಮ ಊಟದಾಗ ಅರ್ಧ ಮೆಣಸೇ ಐತ್ರೀ."

ಬ್ಯಾಗಿನಿಂದ ಫೈಲು ತೆಗೆದು ಇಂದ್ರೇಶ ತಾನು ಓದದೆ ಬಿಟ್ಟಿದ್ದ ಪುಟವನ್ನು ಆಗ ಓದಿದ. ಜನರನ್ನು ಕೂರಿಸಿ ಮೂಸಿಸಿದಾಗ ಸುಮಾರು ಐವರಲ್ಲಿ ಒಬ್ಬರಿಗೆ ರೋಟಂಡೋನ್ ವಾಸನೆ, ಎಷ್ಟು ಹೆಚ್ಚು ಹಾಕಿದರೂ, ತಿಳಿಯಲೇ ಇಲ್ಲ ಎಂದು ಅಲ್ಲಿ ಬರೆದಿತ್ತು. ಉಳಿದ ವಾಸನೆಗಳಿಗೆ ಅವರ ಮೂಗು ಎಷ್ಟೇ ಚುರುಕಾಗಿರಲಿ. ಅವನು ತಲೆ ಎತ್ತಿ ಮೇಜಿನ ಸುತ್ತ ಎಣಿಸಿದ. ಐದು ಜನರಿದ್ದರು. ಜೂನಿನಲ್ಲೂ ಐದೇ ಜನರಿದ್ದರು, ನಾಲ್ವರು ನಿಜವನ್ನೇ ಹೇಳಿದ್ದರು. "ಅದೆಲ್ಲಾ ಇರ್ಲಿ," ಅಂದಳು ಗೌರಕ್ಕ, ಕುಟ್ಟಾಣಿಯನ್ನು ಸೊಂಟಕ್ಕೆ ಆನಿಸಿಕೊಂಡು, "ಒಂದು ಬಾಟ್ಲಿಗೆ ಎಷ್ಟು ಹಾಕಿದ್ಯಪಾ, ಅದನ್ನರೆ ಹೇಳು." ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ, ಅಳತೆಯ ವಿಷಯದಲ್ಲಿ ಅವನು ಎಂದೂ ತಪ್ಪಿದವನೂ ಅಲ್ಲ. ಇಂದ್ರೇಶ ನೀಲಿ ನೋಟ್‌ಬುಕ್ಕು ತೆರೆದು, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದ: ಏಳುನೂರ ಐವತ್ತು ಮಿಲಿಲೀಟರಿಗೆ ಹನ್ನೊಂದು ಪಾಯಿಂಟ್ ನಾಲ್ಕು ಗ್ರಾಂ, ಇನ್ನೂರ ಇಪ್ಪತ್ತೆಂಟು ಕಾಳು.